ವಿರಾಮಕ್ಕೂ ಚರ್ಚೆಗೂ ಒಂದೇ ಹಾಲ್ ಕೊಟ್ಟಿದ್ದಾರೆ, ಹೇಗೆ ಜೋಡಿಸೋದು?

ಮಧ್ಯದಮೇಜು:
ನಮ್ಮ ಆಫೀಸಿನಲ್ಲಿ ಸುಮಾರು 40 ಜನ ಇದ್ದೇವೆ. ಸ್ಟೋರ್ ಆಗಿದ್ದ ಒಂದು ಹಾಲ್ ಖಾಲಿ ಮಾಡಿಸಿ ನಮಗೆ ಕೊಟ್ಟಿದ್ದಾರೆ. 12 ಮೀಟರ್ ಉದ್ದ, 7 ಮೀಟರ್ ಅಗಲ, 3 ಮೀಟರ್ ಎತ್ತರ. ಒಂದು ಉದ್ದನೆಯ ಗೋಡೆ ಪೂರ್ತಿ ಕಿಟಕಿ. ಬಾಗಿಲು ಚಿಕ್ಕ ಗೋಡೆಯಲ್ಲಿ, ನೀರಿನ ಪೈಪ್ ಬಾಗಿಲ ಪಕ್ಕದ ಮೂಲೆಯಲ್ಲಿ ಮಾತ್ರ. ನೆಲಕ್ಕೆ ಟೈಲ್ಸ್, ಮೇಲೆ ಬರೀ ಕಾಂಕ್ರೀಟ್. ಮ್ಯಾನೇಜ್‌ಮೆಂಟ್ ಹೇಳಿದ್ದು ಇಷ್ಟೇ: ಊಟ, ವಿರಾಮಕ್ಕೂ ಇದೇ ಜಾಗ, ಟೀಮ್‌ಗಳು ಕೂತು ಚರ್ಚೆ ಮಾಡೋದಕ್ಕೂ ಇದೇ ಜಾಗ. ಜೋಡಿಸುವ ಜವಾಬ್ದಾರಿ ನನ್ನದು.

ಕ್ಯಾಟಲಾಗ್ ತೆಗೆದರೆ ಎಲ್ಲ ಫೋಟೋದಲ್ಲೂ ಬಣ್ಣಬಣ್ಣದ ಬೀನ್ ಬ್ಯಾಗ್, ಎತ್ತರದ ಸ್ಟೂಲ್, ಒಂದು ಟೇಬಲ್ ಟೆನಿಸ್ ಮೇಜು. ಯಾವ ಫೋಟೋದಲ್ಲೂ ಜನ ಇಲ್ಲ. ನನಗೆ ಬೇಕಿರುವುದು ಜನ ತಾವಾಗಿಯೇ ಬಂದು ಕೂರುವ ಜಾಗ. ಎಲ್ಲಿಂದ ಶುರು ಮಾಡಲಿ?

ಗೋಡೆಗೆರೆ:
ಕ್ಯಾಟಲಾಗ್ ಸದ್ಯಕ್ಕೆ ಮುಚ್ಚಿಡಿ. ಸೋಫಾ ಯಾವುದು ಅನ್ನೋದು ಕೊನೆಯ ಪ್ರಶ್ನೆ. ನಾನು ಒಳಾಂಗಣ ವಿನ್ಯಾಸದ ಕೆಲಸ ಮಾಡುವವಳು. ಇಂಥ ಹಾಲ್ ನೋಡಿದಾಗ ನಾನು ಮೊದಲು ಕೇಳುವುದು, ಇಲ್ಲಿ ಯಾರು ಕೂರುತ್ತಾರೆ, ಯಾವಾಗ, ಎಷ್ಟು ಹೊತ್ತು ಅಂತ.

ವಿರಾಮ ಅಂದರೆ ಒಂದೇ ಕೆಲಸ ಅಲ್ಲ. ಗುಂಪಾಗಿ ಊಟ ಮಾಡೋದು ಒಂದು. ಕಪ್ ಹಿಡಿದು ನಿಂತು ಐದು ನಿಮಿಷ ಹರಟೋದು ಇನ್ನೊಂದು. ಯಾರ ಜೊತೆಗೂ ಮಾತಾಡದೆ ಕಿಟಕಿಯ ಆಚೆ ನೋಡುತ್ತಾ ಕೂರೋದು ಮೂರನೆಯದು, ಇದನ್ನೇ ಎಲ್ಲರೂ ಮರೆಯುತ್ತಾರೆ. ಚರ್ಚೆಯೂ ಹಾಗೇ. ಇಬ್ಬರು ಒಂದು ಲ್ಯಾಪ್‌ಟಾಪ್ ಮುಂದೆ ತಲೆ ಸೇರಿಸಿ ಕೂರುವುದಕ್ಕೂ, ಆರು ಜನ ಬೋರ್ಡ್ ಮುಂದೆ ನಿಂತು ವಾದ ಮಾಡುವುದಕ್ಕೂ ಬೇರೆ ಬೇರೆ ಪೀಠೋಪಕರಣ ಬೇಕು. ನಿಮ್ಮ 40 ಜನ ಈಗ ಇದನ್ನೆಲ್ಲ ಎಲ್ಲಿ ಮಾಡುತ್ತಿದ್ದಾರೆ? ಮೆಟ್ಟಿಲ ಹತ್ತಿರವೋ, ಪ್ರಿಂಟರ್ ಪಕ್ಕವೋ, ಡೆಸ್ಕ್‌ನಲ್ಲೇ ಊಟ ಮುಗಿಸುತ್ತಾರೋ? ಅದನ್ನು ಕೆಲವು ದಿನ ಕೂತು ನೋಡಿ, ಬರೆದಿಡಿ.

ಇನ್ನೊಂದು ಮಾತು. ಕುರ್ಚಿ ಹೇಗೆ ಇಡುತ್ತೀರಿ ಅನ್ನೋದರ ಮೇಲೆ ಮಾತು ಹುಟ್ಟುತ್ತದೋ ಇಲ್ಲವೋ ಅನ್ನೋದು ನಿಂತಿದೆ. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್‌ನ ಒಂದು ಆಸ್ಪತ್ರೆಯಲ್ಲಿ ವೈದ್ಯ ಹಂಫ್ರಿ ಆಸ್ಮಂಡ್ ಮತ್ತು ಮನಶ್ಶಾಸ್ತ್ರಜ್ಞ ರಾಬರ್ಟ್ ಸಾಮರ್ ಇದನ್ನು ಕಣ್ಣಾರೆ ನೋಡಿದರು. ವಾರ್ಡ್ ಚೆನ್ನಾಗಿಯೇ ಇತ್ತು, ಆದರೆ ಕುರ್ಚಿಗಳೆಲ್ಲ ಗೋಡೆಗೆ ಅಂಟಿ ಸಾಲಾಗಿದ್ದವು. ಜನ ಪಕ್ಕಪಕ್ಕ ಕೂತು ಮಾತಿಲ್ಲದೆ ಎದುರಿಗೆ ನೋಡುತ್ತಿದ್ದರು. ಚಿಕ್ಕ ಚೌಕದ ಮೇಜುಗಳನ್ನು ತಂದು ಸುತ್ತ ಕುರ್ಚಿ ಹಾಕಿದ ಮೇಲೆ ಮಾತುಕತೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಮೇಜಿನ ಮೂಲೆಯ ಆಚೀಚೆ ಕೂತವರು ಎದುರುಬದುರು ಕೂತವರಿಗಿಂತ ಜಾಸ್ತಿ ಮಾತಾಡುತ್ತಾರೆ ಅನ್ನೋದನ್ನೂ ಸಾಮರ್ ಗಮನಿಸಿದರು. ಹಾಗಾಗಿ ಹರಟೆ ಬೇಕಾದ ಕಡೆ ಚೌಕದ ಮೇಜು ಇಡಿ. ಒಬ್ಬರೇ ಕೂರಬೇಕಾದ ಕಡೆ ಕಿಟಕಿಗೆ ಮುಖ ಮಾಡಿದ ಸಾಲು ಮಾಡಿ. ಅಲ್ಲಿ ಪಕ್ಕದವರು ಮಾತಾಡಿಸಲಿಲ್ಲ ಅಂತ ಯಾರಿಗೂ ಬೇಜಾರಾಗುವುದಿಲ್ಲ.

ರಾತ್ರಿಪಾಳಿ:
ಮೂರನೆಯದನ್ನು ಹೇಳಿದ್ದಕ್ಕೆ ಥ್ಯಾಂಕ್ಸ್. ಪಾಳಿ ಪೂರ್ತಿ ಫೋನಿನಲ್ಲಿ ಗ್ರಾಹಕರ ಜೊತೆ ಮಾತಾಡುವ ಕೆಲಸ ನನ್ನದು. ವಿರಾಮ ಸಿಕ್ಕಾಗ ನನಗೆ ಬೇಕಿರುವುದು ಯಾರೂ ಮಾತಾಡಿಸದ ಹದಿನೈದು ನಿಮಿಷ.

ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ನಿಮ್ಮ ಹಾಗೇ ಎರಡನ್ನೂ ಒಂದೇ ಕೋಣೆಗೆ ತಂದರು. ಗೋಡೆ ತುಂಬ ಬರೆಯುವ ಬೋರ್ಡ್ ಹಾಕಿದರು. ಊಟದ ಡಬ್ಬಿ ತೆಗೆದು ಕೂತರೆ ಪಕ್ಕದಲ್ಲೇ ಒಂದು ಟೀಮ್ ಬಂದು ಡೆಡ್‌ಲೈನ್ ಬಗ್ಗೆ ಜೋರಾಗಿ ಚರ್ಚೆ ಶುರು ಮಾಡುತ್ತಿತ್ತು. ಅವರದ್ದೂ ತಪ್ಪಲ್ಲ, ಅವರಿಗೂ ಬೇರೆ ಜಾಗ ಇರಲಿಲ್ಲ. ಆದರೆ ಕೆಲಸದ ಮಾತು ಕಿವಿಗೆ ಬಿದ್ದರೆ ಮನಸ್ಸು ಕೆಲಸಕ್ಕೇ ಹೋಗುತ್ತದೆ, ಅಲ್ವಾ? ಅದೂ ಅಲ್ಲದೆ ಮೇಲಧಿಕಾರಿ ಪಕ್ಕದಲ್ಲೇ ನಿಂತು ಬೋರ್ಡ್ ಮೇಲೆ ಬರೆಯುತ್ತಿರುವಾಗ ಯಾರು ಕಾಲು ಚಾಚಿ ಕೂರುತ್ತಾರೆ? ನಿಧಾನಕ್ಕೆ ಎಲ್ಲರೂ ಡಬ್ಬಿ ಹಿಡಿದು ತಮ್ಮ ತಮ್ಮ ಡೆಸ್ಕಿಗೆ ವಾಪಸ್ ಹೋದರು.

ದಯವಿಟ್ಟು ಎರಡರ ನಡುವೆ ಏನಾದರೂ ಅಡ್ಡ ಇಡಿ. ಸೋಫಾ ಹಳೆಯದಾದರೂ ನಡೆಯುತ್ತದೆ.

ಶಬ್ದಲೆಕ್ಕ:
ಅಡ್ಡ ಇಡುವುದು ಸರಿ. ಆದರೆ ಅದಕ್ಕೂ ಮೊದಲು ಈ ಹಾಲ್‌ನ ಸದ್ದು ಸರಿ ಮಾಡಬೇಕು. ಟೈಲ್ಸ್, ಕಾಂಕ್ರೀಟ್, ಗಾಜು, ಮೂರೂ ಶಬ್ದವನ್ನು ನುಂಗುವುದಿಲ್ಲ, ವಾಪಸ್ ಎಸೆಯುತ್ತವೆ.

ಲೆಕ್ಕ ಸುಲಭ. ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಕೋಣೆಯಲ್ಲಿ ಇರುವ ಒಟ್ಟು ಹೀರಿಕೆಯಿಂದ (ಅಂದರೆ ಶಬ್ದವನ್ನು ಪೂರ್ತಿ ನುಂಗುವ ಮೇಲ್ಮೈ ಎಷ್ಟು ಚದರ ಮೀಟರ್ ಇದ್ದ ಹಾಗೆ ಅನ್ನುವ ಅಂಕಿ) ಭಾಗಿಸಿ. ಶಬ್ದ ನಿಂತ ಮೇಲೂ ಎಷ್ಟು ಸೆಕೆಂಡ್ ಮೊಳಗುತ್ತಿರುತ್ತದೆ ಅನ್ನೋದು ಸಿಗುತ್ತದೆ. ನಿಮ್ಮ ಹಾಲ್ 252 ಘನ ಮೀಟರ್. ಮೇಲ್ಮೈಗಳೆಲ್ಲ ಗಟ್ಟಿ, ಆದ್ದರಿಂದ ಒಟ್ಟು ಹೀರಿಕೆ ಸುಮಾರು 25 ಚದರ ಮೀಟರ್‌ಗೆ ಸಮ ಅಂತ ಇಟ್ಟುಕೊಳ್ಳಿ. 1.6 ಸೆಕೆಂಡ್ ಬರುತ್ತದೆ. ಹತ್ತಾರು ಜನ ಊಟ ಮಾಡುವ ಕೋಣೆಗೆ ಇದು ತುಂಬಾ ಜಾಸ್ತಿ. ಸೀಲಿಂಗ್‌ಗೆ 40 ಚದರ ಮೀಟರ್‌ನಷ್ಟು ಒಳ್ಳೆಯ ಹೀರು ಹಲಗೆ ಹಾಕಿದರೆ ಅದು 0.7 ಸೆಕೆಂಡಿಗೆ ಇಳಿಯುತ್ತದೆ. ಮಾತು ಸ್ಪಷ್ಟವಾಗುತ್ತದೆ, ಒಟ್ಟು ಗದ್ದಲವೂ ಸುಮಾರು 4 ಡೆಸಿಬೆಲ್ ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು: ಸುತ್ತ ಗದ್ದಲ ಇದ್ದರೆ ನಾವು ಗೊತ್ತಿಲ್ಲದೆಯೇ ದನಿ ಏರಿಸುತ್ತೇವೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಇದನ್ನು ವಿವರಿಸಿದ್ದರು. ಕೋಣೆಯ ಗದ್ದಲ ಇಳಿದರೆ ಜನರ ದನಿಯೂ ತಾನೇ ಇಳಿಯುತ್ತದೆ, "ಮೆಲ್ಲಗೆ ಮಾತಾಡಿ" ಅನ್ನುವ ಬೋರ್ಡ್ ಬೇಕಾಗುವುದಿಲ್ಲ.

ಈ ಸೂತ್ರ ಹುಟ್ಟಿದ್ದೇ ಪೀಠೋಪಕರಣದಿಂದ ಅಂದರೆ ನಿಮಗೆ ಖುಷಿಯಾಗಬಹುದು. 1895ರ ಹೊತ್ತಿಗೆ ಹಾರ್ವರ್ಡ್‌ನಲ್ಲಿ ಒಂದು ಹೊಸ ಉಪನ್ಯಾಸ ಕೋಣೆ ಕಟ್ಟಿದ್ದರು, ಅಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಒಂದು ಪದ ಸುಮಾರು ಐದೂವರೆ ಸೆಕೆಂಡ್ ಮೊಳಗುತ್ತಿತ್ತು. ಅದನ್ನು ಸರಿ ಮಾಡುವ ಕೆಲಸ ವಾಲೇಸ್ ಸಬೀನ್ ಅನ್ನುವ ಯುವ ಭೌತವಿಜ್ಞಾನಿಗೆ ಬಂತು. ಅವರು ಹತ್ತಿರದ ಥಿಯೇಟರ್‌ನಿಂದ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತರಿಸಿ, ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ, ಸದ್ದು ಎಷ್ಟು ಹೊತ್ತು ಮೊಳಗುತ್ತದೆ ಅಂತ ಅಳೆದರು. ನಿಮ್ಮ ಸೋಫಾ, ದಿಂಬು, ಪರದೆ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ಪರದೆ ಹಾಕುವುದಾದರೆ ದಪ್ಪ ಬಟ್ಟೆ, ನೆರಿಗೆ ಜಾಸ್ತಿ. ತೆಳು ಪರದೆ ಚಪ್ಪಟೆಯಾಗಿ ತೂಗಿದರೆ ಪ್ರಯೋಜನ ಕಡಿಮೆ.

ಮಧ್ಯದಮೇಜು:
ಇದು ನನಗೆ ಹೊಸ ವಿಷಯ. ಹಾಗಾದರೆ ಮೊಟ್ಟೆ ತಟ್ಟೆ ಆಕಾರದ ಸ್ಪಂಜ್ ಹಾಳೆ ಅಗ್ಗದಲ್ಲಿ ಸಿಗುತ್ತದಲ್ಲ, ಅದನ್ನೇ ಗೋಡೆಗೆ ಅಂಟಿಸಿದರೆ ಸಾಕಾ? ಮತ್ತೆ ಹಲಗೆ ಹಾಕಿದರೆ ಚರ್ಚೆಯ ಮಾತು ವಿರಾಮದ ಕಡೆಗೆ ಕೇಳಿಸೋದೂ ನಿಲ್ಲುತ್ತದೆಯಾ?

ಶಬ್ದಲೆಕ್ಕ:
ಎರಡಕ್ಕೂ ಇಲ್ಲ. ತೆಳು ಸ್ಪಂಜ್ ಕೀರಲು ಸದ್ದನ್ನು ಮಾತ್ರ ಹೀರುತ್ತದೆ. ಮಾತಿನ ಕೆಳಗಿನ ಸ್ವರಗಳು ಹಾಗೇ ಉಳಿದು ಕೋಣೆ ಗುಂಯ್ ಅನ್ನುತ್ತದೆ. ಬೆಂಕಿಯ ಭಯ ಬೇರೆ, ಸಾಮಾನ್ಯ ಪಾಲಿಯುರೆಥೇನ್ ಸ್ಪಂಜ್ ಬಹಳ ಬೇಗ ಹತ್ತಿಕೊಳ್ಳುತ್ತದೆ. ಕನಿಷ್ಠ 50 ಮಿ.ಮೀ. ದಪ್ಪದ ಖನಿಜ ಉಣ್ಣೆಯ ಹಲಗೆ, ಮೇಲೆ ಬಟ್ಟೆ ಹೊದಿಸಿದ್ದು, ಬೆಂಕಿ ಪರೀಕ್ಷೆಯ ಪತ್ರ ಇರುವಂಥದ್ದು ತಗೊಳ್ಳಿ. ಹಲಗೆಯ ಹಿಂದೆ 5 ಸೆಂ.ಮೀ. ಖಾಲಿ ಬಿಟ್ಟರೆ ಕೆಳಸ್ವರಗಳನ್ನೂ ಚೆನ್ನಾಗಿ ಹೀರುತ್ತದೆ.

ಎರಡನೆಯ ಪ್ರಶ್ನೆಯಲ್ಲಿ ಹಣ ಪೋಲಾಗೋದು ಜಾಸ್ತಿ, ಗಮನ ಇಟ್ಟು ಓದಿ. ಶಬ್ದ ಹೀರೋದು ಬೇರೆ, ತಡೆಯೋದು ಬೇರೆ. ಹೀರುವುದಕ್ಕೆ ಮೆತ್ತನೆಯ, ರಂಧ್ರ ಇರುವ ವಸ್ತು ಬೇಕು. ತಡೆಯುವುದಕ್ಕೆ ಭಾರ ಬೇಕು, ಸಂದು ಇರಬಾರದು. ಬಟ್ಟೆ ಹೊದಿಸಿದ ಅಡ್ಡ ಪರದೆ ಎಷ್ಟೇ ಚೆನ್ನಾಗಿದ್ದರೂ ಮೇಲಿನಿಂದ ಮಾತು ದಾಟಿ ಬರುತ್ತದೆ. ನಿಜವಾಗಿ ತಡೆಯಬೇಕಾದರೆ ನೆಲದಿಂದ ಕಾಂಕ್ರೀಟ್ ತನಕ ಗೋಡೆ, ಗಟ್ಟಿ ಬಾಗಿಲು, ಬಾಗಿಲ ಕೆಳಗೆ ರಬ್ಬರ್ ಪಟ್ಟಿ. ಕೆಳಗೆ ಒಂದು ಬೆರಳು ಸಂದು ಬಿಟ್ಟರೂ ಗೋಡೆಗೆ ಹಾಕಿದ ಖರ್ಚಿನ ದೊಡ್ಡ ಪಾಲು ವ್ಯರ್ಥ.

ತೆರೆದಬಾಗಿಲು:
ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಎಲ್ಲಕ್ಕೂ ಗೋಡೆ ಕಟ್ಟಿದರೆ ಈ ಹಾಲ್‌ನ ಉದ್ದೇಶವೇ ಹೋಗಲ್ವಾ? ಬೇರೆ ಬೇರೆ ಟೀಮಿನವರು ಅಕಸ್ಮಾತ್ ಸಿಕ್ಕಿ, ನಾಲ್ಕು ಮಾತಾಡಿ, ಅದರಿಂದ ಹೊಸ ಯೋಚನೆ ಹುಟ್ಟಬೇಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ 1970ರ ದಶಕದಲ್ಲಿ ಎಂಜಿನಿಯರ್‌ಗಳ ನಡುವಿನ ಮಾತುಕತೆ ಅಳೆದಾಗ, ದೂರ ಹೆಚ್ಚಿದ ಹಾಗೆ ಅದು ಸರ್ರನೆ ಇಳಿಯಿತು. 50 ಮೀಟರ್ ದಾಟಿದರೆ ಮಾತು ಇಲ್ಲವೇ ಇಲ್ಲ ಅನ್ನುವಷ್ಟು. ಹತ್ತಿರ ಇದ್ದರೆ ಮಾತ್ರ ಮಾತು. ನಾನು ಚಿಕ್ಕ ಸಾಫ್ಟ್‌ವೇರ್ ತಂಡ ನಡೆಸುತ್ತೇನೆ, ಕಾಫಿ ಯಂತ್ರದ ಮುಂದೆ ಬಗೆಹರಿದ ಸಮಸ್ಯೆಗಳು ಮೀಟಿಂಗಿನಲ್ಲಿ ಬಗೆಹರಿದದ್ದಕ್ಕಿಂತ ಕಡಿಮೆ ಏನಲ್ಲ.

ಗೋಡೆಗೆರೆ:
ಅಲೆನ್ ಹೇಳಿದ್ದು ನಿಜ. ಆದರೆ ಹತ್ತಿರ ಇರುವುದು ಬೇರೆ, ಎಲ್ಲರ ಕಣ್ಣಿಗೂ ಕಿವಿಗೂ ಬೀಳುತ್ತಾ ಇರುವುದು ಬೇರೆ. ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ದೊಡ್ಡ ಕಂಪನಿಗಳ ಕಚೇರಿಗಳು ಗೋಡೆ ಕಿತ್ತು ಪೂರ್ತಿ ತೆರೆದ ವಿನ್ಯಾಸಕ್ಕೆ ಹೋದಾಗ ಏನಾಯಿತು ಅಂತ ನೋಡಿದರು. ಯಾರು ಯಾರ ಜೊತೆ ಮಾತಾಡಿದರು ಅಂತ ದಾಖಲಿಸುವ ಬ್ಯಾಡ್ಜ್‌ಗಳನ್ನು ಜನರಿಗೆ ಹಾಕಿಸಿದ್ದರು. ಮುಖಾಮುಖಿ ಮಾತು ಶೇಕಡಾ 70ರಷ್ಟು ಕಡಿಮೆಯಾಯಿತು, ಇಮೇಲ್ ಜಾಸ್ತಿಯಾಯಿತು. ಎಲ್ಲರೂ ನೋಡುತ್ತಿರುವಾಗ ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಳಗೆ ಸೇರಿಕೊಳ್ಳುತ್ತಾರೆ.

ನಿಮ್ಮ ಕಾಫಿ ಯಂತ್ರದ ಉದಾಹರಣೆಯನ್ನೇ ತಗೊಳ್ಳಿ. ಅಲ್ಲಿ ಮಾತು ಹುಟ್ಟುವುದು ಯಾಕೆ? ಕಪ್ ತುಂಬುವ ತನಕ ಎಲ್ಲರೂ ನಿಲ್ಲಲೇಬೇಕು, ಬಂದದ್ದಕ್ಕೆ ಒಂದು ನೆಪ ಇದೆ, ಮಾತು ಸಾಕಾದರೆ ಕಪ್ ಹಿಡಿದು ಹೊರಡಬಹುದು. ಆ ಮೂರೂ ಸೋಫಾದಲ್ಲಿ ಇಲ್ಲ. ಹಾಗಾಗಿ ಅಕಸ್ಮಾತ್ ಭೇಟಿಗೆ ಯಂತ್ರದ ಹತ್ತಿರ ಇಬ್ಬರು ಮೂವರು ಒರಗಿ ನಿಲ್ಲುವಷ್ಟು ಕಟ್ಟೆ ಬಿಡಿ, ದಾರಿಗೆ ಅಡ್ಡ ಬರದ ಹಾಗೆ. ಅರ್ಧ ಗಂಟೆ ಕೂತು ಮಾಡುವ ಚರ್ಚೆಗೆ ಬಾಗಿಲು ಇರುವ ಕೋಣೆ ಕೊಡಿ. ಎರಡೂ ಬೇಕು, ಒಂದೇ ಜಾಗದಲ್ಲಿ ಬೇಡ.

ಮಧ್ಯದಮೇಜು:
ಸರಿ, ಇಷ್ಟು ಓದಿದ ಮೇಲೆ ಒಂದು ನಕ್ಷೆ ಮಾಡಿದ್ದೇನೆ. ಬಾಗಿಲಿಂದ ದೂರದ ತುದಿಯಲ್ಲಿ 4 ಮೀಟರ್ ಉದ್ದವನ್ನು ಗೋಡೆ ಕಟ್ಟಿ ಬೇರೆ ಮಾಡೋದು. ಅದನ್ನೇ ಮತ್ತೆ ಅರ್ಧ ಮಾಡಿದರೆ 4 ಗುಣಿಸು 3.5 ಮೀಟರ್‌ನ ಎರಡು ಕೋಣೆ. ಒಂದು ಚರ್ಚೆಗೆ, ಒಂದು ಸುಮ್ನೆ ಕೂರೋದಕ್ಕೆ. ಉಳಿದ 8 ಗುಣಿಸು 7 ಮೀಟರ್ ಊಟ ಮತ್ತು ಹರಟೆಗೆ. ತೊಂದರೆ ಏನಂದರೆ ಎರಡು ಕೋಣೆಗಳಲ್ಲಿ ಒಂದಕ್ಕೆ ಮಾತ್ರ ಕಿಟಕಿ ಬರುತ್ತದೆ. ಟೀಮ್ ಲೀಡ್‌ಗಳು ಚರ್ಚೆಯ ಕೋಣೆಗೇ ಕಿಟಕಿ ಬೇಕು ಅನ್ನುತ್ತಿದ್ದಾರೆ.

ರಾತ್ರಿಪಾಳಿ:
ಕಿಟಕಿ ಸುಮ್ನೆ ಕೂರುವ ಕೋಣೆಗೇ ಕೊಡಿ. ಕಣ್ಣು ದಿನವಿಡೀ ಅರ್ಧ ಮೀಟರ್ ದೂರದ ಪರದೆ ನೋಡಿರುತ್ತದೆ. ದೂರದ್ದನ್ನು ನೋಡುವುದೇ ಕಣ್ಣಿಗೆ ವಿರಾಮ.

ಗೋಡೆಗೆರೆ:
ನಾನೂ ಅದನ್ನೇ ಹೇಳುತ್ತೇನೆ, ಇನ್ನೊಂದು ಕಾರಣಕ್ಕೆ. ಚರ್ಚೆಯ ಕೋಣೆಗೆ ಬೇಕಿರುವುದು ಗೋಡೆ. ಬೋರ್ಡ್ ಹಾಕಬೇಕು, ಸ್ಕ್ರೀನ್ ತೂಗಬೇಕು, ಕಾಗದ ಅಂಟಿಸಬೇಕು. ಕಿಟಕಿ ಇದ್ದರೆ ಒಂದು ಗೋಡೆ ಹೋಯಿತು, ಅದರ ಜೊತೆಗೆ ಸ್ಕ್ರೀನ್ ಮೇಲೆ ಬೆಳಕು ಹೊಳೆದು ಕಾಣಿಸುವುದೂ ಇಲ್ಲ. ಹಾಲ್ ಕಡೆಯ ಬಾಗಿಲನ್ನು ಗಾಜಿನದ್ದು ಮಾಡಿಸಿ, ಅಷ್ಟು ಹಗಲು ಬೆಳಕು ಸಾಕು. ಒಳಗೆ ಯಾರಿದ್ದಾರೆ ಅನ್ನೋದೂ ಹೊರಗಿನಿಂದಲೇ ಗೊತ್ತಾಗುತ್ತದೆ.

ಬೆಳಕಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಚರ್ಚೆಯ ಕೋಣೆಗೆ 500 ಲಕ್ಸ್ (ಬೆಳಕು ಎಷ್ಟು ಬೀಳುತ್ತದೆ ಅನ್ನುವ ಅಳತೆ), ಬೋರ್ಡ್ ಮೇಲೆ ಬೇರೆ ದೀಪ. ಊಟದ ಕಡೆ 200 ಸಾಕು. ಸುಮ್ನೆ ಕೂರುವ ಕೋಣೆಗೆ 100 ಲಕ್ಸ್, 2700ರಿಂದ 3000 ಕೆಲ್ವಿನ್‌ನ ಹಳದಿ ಬೆಳಕು, ಕೈಗೆ ಸಿಗುವ ಡಿಮ್ಮರ್. ಮೂರಕ್ಕೂ ಬೇರೆ ಬೇರೆ ಸ್ವಿಚ್ ಇರಲಿ. ಇಡೀ ಹಾಲ್‌ಗೆ ಒಂದೇ ಸ್ವಿಚ್ ಹಾಕುವ ಎಲೆಕ್ಟ್ರಿಷಿಯನ್‌ಗಳನ್ನು ನಾನು ಬಹಳ ನೋಡಿದ್ದೇನೆ, ಮೊದಲೇ ಹೇಳಿಡಿ.

ಶಬ್ದಲೆಕ್ಕ:
ಕಿಟಕಿ ಇಲ್ಲದ ಕೋಣೆಗೆ ಗಾಳಿ ಎಲ್ಲಿಂದ ಬರುತ್ತದೆ ಅಂತ ಈಗಲೇ ಕೇಳಿ. ಆ ಕೋಣೆ 42 ಘನ ಮೀಟರ್. ಆರು ಜನ ಕೂತರೆ, ಒಬ್ಬೊಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಹೊಸ ಗಾಳಿ ಬರದಿದ್ದರೆ 420 ಪಿಪಿಎಂನಿಂದ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದರ ಪಾಲು) ಶುರುವಾಗಿ ಕಾಲು ಗಂಟೆಯೊಳಗೆ 1000 ದಾಟುತ್ತದೆ. ಆಮೇಲೆ ಆಕಳಿಕೆ, ತಲೆಭಾರ, "ಈ ಮೀಟಿಂಗ್ ಯಾವಾಗ ಮುಗಿಯುತ್ತದೋ" ಅನ್ನುವ ಮುಖಗಳು. ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಲೆಕ್ಕ ಹಾಕಿ, ಆರು ಜನಕ್ಕೆ 60 ಲೀಟರ್. ಎಸಿ ಹಾಕಿದ್ದೇವಲ್ಲ ಅಂತ ಹೇಳುತ್ತಾರೆ. ಗೋಡೆಗೆ ತೂಗುವ ಸಾಮಾನ್ಯ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಹೊರಗಿನ ಗಾಳಿ ತರುವ, ಫ್ಯಾನ್ ಇರುವ ಡಕ್ಟ್, ಅಂದರೆ ಗಾಳಿ ಕೊಳವೆ ಬೇಕು. ಡಕ್ಟ್ ಗೋಡೆ ದಾಟುವ ಕಡೆ ಒಳಗೆ ಶಬ್ದ ಹೀರುವ ಲೈನಿಂಗ್ ಹಾಕಿಸಿ, ಇಲ್ಲದಿದ್ದರೆ ಅದೇ ದಾರಿಯಲ್ಲಿ ಮಾತೂ ದಾಟುತ್ತದೆ.

ನಾಲ್ಕುಚಕ್ರ:
ಇಲ್ಲಿಯ ತನಕ ಯಾರೂ ಹೇಳದ ಒಂದು ವಿಷಯ. ನಾನು ಗಾಲಿಕುರ್ಚಿ ಬಳಸುತ್ತೇನೆ. ಎತ್ತರದ ಸ್ಟೂಲು, 105 ಸೆಂ.ಮೀ. ಎತ್ತರದ ಮೇಜು ಮಾತ್ರ ಇರುವ ಕೋಣೆಯಲ್ಲಿ ನನಗೆ ಕಾಣಿಸುವುದು ಎಲ್ಲರ ಮೊಣಕೈ. ಮಾತು ತಲೆಯ ಮೇಲೆ ಹಾದುಹೋಗುತ್ತದೆ. ಎತ್ತರದ ಮೇಜು ಬೇಡ ಅನ್ನುತ್ತಿಲ್ಲ. ಕಿಟಕಿ ಸಾಲೂ ಇರಲಿ, ಮೀಟಿಂಗೂ ಇರಲಿ, ಪ್ರತಿ ಕಡೆಯೂ 72ರಿಂದ 75 ಸೆಂ.ಮೀ. ಎತ್ತರದ ಒಂದಾದರೂ ಮೇಜು ಇರಬೇಕು. ಕೆಳಗೆ ಮಂಡಿ ಹೋಗುವಷ್ಟು, ಅಂದರೆ ಸುಮಾರು 70 ಸೆಂ.ಮೀ. ಖಾಲಿ ಬೇಕು. ಮಧ್ಯದಲ್ಲಿ ಒಂದೇ ಕಾಲಿರುವ ಮೇಜಾದರೆ ಅದರ ಅಡಿಪಟ್ಟಿ ಚಪ್ಪಟೆಯಾಗಿರಲಿ, ಚಕ್ರ ತಾಗಬಾರದು.

ದಾರಿ ಕನಿಷ್ಠ 90 ಸೆಂ.ಮೀ., ತಿರುಗುವ ಕಡೆ 150 ಸೆಂ.ಮೀ. ಸುತ್ತಳತೆ ಅಲ್ಲ, ಅಡ್ಡಳತೆ. ಕುರ್ಚಿ ಹಿಂದಕ್ಕೆ ಎಳೆದು ಜನ ಕೂತಿರುವಾಗಲೂ ಅಷ್ಟು ಉಳಿಯಬೇಕು. ಖಾಲಿ ಹಾಲ್‌ನ ನಕ್ಷೆಯಲ್ಲಿ ಎಲ್ಲವೂ ಅಗಲವಾಗಿಯೇ ಕಾಣುತ್ತದೆ. ಮೈಕ್ರೊವೇವ್, ಕಾಫಿ ಯಂತ್ರದ ಗುಂಡಿ, ಕಪ್‌ಗಳು ನೆಲದಿಂದ 120 ಸೆಂ.ಮೀ. ಒಳಗೆ ಇರಲಿ. ಬಿಸಿ ತಟ್ಟೆಯನ್ನು ತಲೆಯ ಮೇಲಿನಿಂದ ಇಳಿಸುವುದು ಕುಳ್ಳಗಿರುವವರಿಗೂ ಅಪಾಯ.

ಬೀನ್ ಬ್ಯಾಗ್ ಬಗ್ಗೆ: ಮಂಡಿನೋವು ಇರುವವರು, ಗರ್ಭಿಣಿಯರು, ಬೆನ್ನು ಹಿಡಿದಿರುವವರು ಅದರಲ್ಲಿ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. 45 ಸೆಂ.ಮೀ. ಎತ್ತರದ, ಕೈ ಊರಲು ತೋಳು ಇರುವ ಕುರ್ಚಿಗಳು ಇರಲಿ. ಅವು ಎಲ್ಲರಿಗೂ ಆಗುತ್ತವೆ.

ಮಧ್ಯದಮೇಜು:
ಇದಕ್ಕೆ ತುಂಬಾ ಥ್ಯಾಂಕ್ಸ್. ನಕ್ಷೆಯಲ್ಲಿ ಊಟದ ಕಡೆ 24 ಕುರ್ಚಿ ಹಾಕಿದ್ದೆ. ಎಲ್ಲರೂ ಕೂತ ಹಾಗೆ ಬರೆದು ನೋಡಿದರೆ ದಾರಿ ಉಳಿಯುತ್ತಿಲ್ಲ. 20ಕ್ಕೆ ಇಳಿಸಿ ಊಟದ ಸಮಯವನ್ನು ಎರಡು ಸರದಿ ಮಾಡುತ್ತೇವೆ.

ಕೀಲಿಗೊಂಚಲು:
ಎರಡು ಕಟ್ಟಡಗಳ ನಿರ್ವಹಣೆ ನೋಡಿಕೊಳ್ಳುತ್ತೇನೆ. ಫೋಟೋದಲ್ಲಿ ಬರದ ವಿಷಯಗಳನ್ನು ಹೇಳುತ್ತೇನೆ.

ಸಿಂಕ್ ಪೈಪ್ ಇರುವ ಮೂಲೆಯಲ್ಲೇ ಇರಲಿ. ಕೊಳಚೆ ಪೈಪಿಗೆ ಮೀಟರಿಗೆ ಸುಮಾರು 2 ಸೆಂ.ಮೀ. ಇಳಿಜಾರು ಬೇಕು. ಸಿಂಕನ್ನು ಹಾಲ್‌ನ ಆಚೆ ತುದಿಗೆ ತಂದರೆ ನೆಲ ಎತ್ತರಿಸಬೇಕಾಗುತ್ತದೆ, ಆಗ ಮೆಟ್ಟಿಲು ಬರುತ್ತದೆ, ಮೇಲೆ ನಾಲ್ಕುಚಕ್ರ ಹೇಳಿದ್ದೆಲ್ಲ ಹಾಳು.

ಕರೆಂಟ್. ಮೈಕ್ರೊವೇವ್ 1200 ವಾಟ್ ಎಳೆಯುತ್ತದೆ, ನೀರು ಕಾಯಿಸುವ ಕೆಟಲ್ 2000, ಕಾಫಿ ಯಂತ್ರ 1500. ಮೂರೂ ಒಟ್ಟಿಗೆ ಆನ್ ಆದರೆ 4700 ವಾಟ್, 230 ವೋಲ್ಟ್ ಲೆಕ್ಕದಲ್ಲಿ 20 ಆಂಪ್ ದಾಟುತ್ತದೆ. 16 ಆಂಪ್‌ನ ಒಂದೇ ಸರ್ಕ್ಯೂಟ್‌ಗೆ ಎಲ್ಲವನ್ನೂ ಸಿಕ್ಕಿಸಿದರೆ ಊಟದ ಹೊತ್ತಿಗೆ ಸರಿಯಾಗಿ ಟ್ರಿಪ್ ಆಗುತ್ತದೆ, ಫ್ರಿಜ್ ಕೂಡ ಅದರ ಜೊತೆಗೆ ಆಫ್. ಫ್ರಿಜ್‌ಗೆ ಬೇರೆ ಸರ್ಕ್ಯೂಟ್, ಬಿಸಿ ಮಾಡುವ ಪ್ರತಿ ಯಂತ್ರಕ್ಕೂ ಬೇರೆ ಬೇರೆ.

ಮೈಕ್ರೊವೇವ್ ಎಷ್ಟು ಬೇಕು ಅನ್ನೋದನ್ನು ಯಾರೂ ಲೆಕ್ಕ ಹಾಕುವುದಿಲ್ಲ. 20 ಜನ ತಲಾ 3 ನಿಮಿಷ ಬಿಸಿ ಮಾಡಿಕೊಂಡರೆ ಒಂದು ಗಂಟೆ. ಊಟದ ವಿರಾಮವೇ ಒಂದು ಗಂಟೆಗಿಂತ ಕಡಿಮೆ ಇರುತ್ತದೆ! ಒಂದೇ ಮೈಕ್ರೊವೇವ್ ಇಟ್ಟರೆ ಕೊನೆಯವರು ಇಡೀ ವಿರಾಮವನ್ನು ಸಾಲಿನಲ್ಲೇ ಕಳೆಯುತ್ತಾರೆ. ನಿಮ್ಮಲ್ಲಿ ಮೂರು ಬೇಕು. ಜನ ವಿರಾಮದ ಕೋಣೆಗೆ ಬರುವುದಿಲ್ಲ ಅನ್ನುವ ಎಷ್ಟೋ ಕಡೆ ನಿಜವಾದ ಕಾರಣ ಇಂಥದ್ದೇ. ಸಾಲು ಉದ್ದ, ಸಿಂಕ್ ತುಂಬ ಪಾತ್ರೆ, ಕಸದ ಡಬ್ಬಿ ತುಂಬಿ ವಾಸನೆ. ಸೋಫಾ ಬದಲಾಯಿಸಿದರೆ ಅದು ಸರಿಹೋಗುವುದಿಲ್ಲ.

ಶುಚಿ ಮಾಡುವವರನ್ನು ಕರೆದು ನಕ್ಷೆ ತೋರಿಸಿ. ಸೋಫಾದ ಕೆಳಗೆ ಪೊರಕೆ ಹೋಗುತ್ತದೆಯೇ, ಕಸದ ಡಬ್ಬಿ ಹೊರಗೆ ತೆಗೆಯಲು ಎಷ್ಟು ಮೇಜು ಸರಿಸಬೇಕು, ಒರೆಸುವ ಬಟ್ಟೆ ಎಲ್ಲಿಡಬೇಕು. ನಿಮಗೆ ಹೊಳೆಯದ್ದು ಅವರಿಗೆ ಒಂದೇ ನೋಟಕ್ಕೆ ಕಾಣುತ್ತದೆ. ಆ ಕೋಣೆಯಲ್ಲಿ ಕೂತು ವಿರಾಮ ತಗೊಳ್ಳುವ ಹಕ್ಕು ಅವರಿಗೂ ಇರಲಿ, ದಯವಿಟ್ಟು.

ಉಳಿಸುತ್ತಿಗೆ:
ಮರದ ಕೆಲಸದವನು, ವಸ್ತುಗಳ ಬಗ್ಗೆ ನನ್ನ ಪಾಲಿನದ್ದು. ಊಟದ ಮೇಜಿಗೆ ಲ್ಯಾಮಿನೇಟ್ ಒಳ್ಳೆಯದು, ವಿನೀರ್ (ಮೇಲೆ ಅಂಟಿಸುವ ತೆಳು ಮರದ ಪದರ) ಬೇಡ, ಬಿಸಿ ಲೋಟದ ಬಿಳಿ ಉಂಗುರ ಬೀಳುತ್ತದೆ. ಆದರೆ ಲ್ಯಾಮಿನೇಟ್ ಮೇಜು ಹಾಳಾಗುವುದು ಮೇಲಿನಿಂದ ಅಲ್ಲ, ಅಂಚಿನಿಂದ. ಅಂಚಿನ ಪಟ್ಟಿ 2 ಮಿ.ಮೀ. ದಪ್ಪ ಇರಲಿ. ತೆಳು ಪಟ್ಟಿ ಬೇಗ ಎದ್ದು, ಒದ್ದೆ ಬಟ್ಟೆಯ ನೀರು ಒಳಗಿನ ಹಲಗೆಗೆ ಇಳಿದು, ಅದು ಉಬ್ಬುತ್ತದೆ.

ಸೋಫಾ ಬಟ್ಟೆಗೆ ಮಾರ್ಟಿಂಡೇಲ್ ಅಂತ ಒಂದು ಉಜ್ಜು ಪರೀಕ್ಷೆ ಇದೆ, ಎಷ್ಟು ಸಲ ಉಜ್ಜಿದರೆ ಬಟ್ಟೆ ಸವೆಯುತ್ತದೆ ಅಂತ ಹೇಳುತ್ತದೆ. ಕಚೇರಿಯ ಬಳಕೆಗೆ 30,000ಕ್ಕಿಂತ ಜಾಸ್ತಿ ಇರುವುದನ್ನೇ ಕೇಳಿ. ಹೊದಿಕೆ ಬಿಚ್ಚಿ ತೊಳೆಯುವ ಹಾಗಿರಲಿ. ಒಳಗಿನ ಫೋಮ್ ಘನ ಮೀಟರಿಗೆ 35 ಕೆ.ಜಿ.ಗಿಂತ ಕಡಿಮೆ ಬೇಡ. ಅಂಗಡಿಯಲ್ಲಿ ಕೂತಾಗ ಎಲ್ಲ ಫೋಮೂ ಮೆತ್ತಗೇ ಇರುತ್ತದೆ, ಕಡಿಮೆ ಸಾಂದ್ರತೆಯದ್ದು ಬೇಗ ಗುಳಿ ಬೀಳುತ್ತದೆ. ಟೈಲ್ಸ್ ನೆಲ ಅಂದಿರಿ, ಕುರ್ಚಿ ಕಾಲಿಗೆ ಫೆಲ್ಟ್ ಗುಂಡಿ ಹಾಕಿಸಿ. 20 ಕುರ್ಚಿ ಟೈಲ್ಸ್ ಮೇಲೆ ಕಿರ್ರ್ ಅಂದರೆ ಶಬ್ದಲೆಕ್ಕ ಅವರ ಹಲಗೆಗಳೂ ಸೋಲುತ್ತವೆ.

ಒಂದು ಮಾತು ಒತ್ತಿ ಹೇಳುತ್ತೇನೆ. ನೆಲಕ್ಕೆ ಬೋಲ್ಟ್ ಹಾಕಿದ, ಗೋಡೆಗೆ ಸೇರಿಸಿದ ಬೆಂಚುಗಳನ್ನು ಕಡಿಮೆ ಮಾಡಿ. ಜನ ಕೂರುವ ಮೊದಲು ಕುರ್ಚಿಯನ್ನು ಒಂದು ಗೇಣಾದರೂ ಸರಿಸುತ್ತಾರೆ, ನೋಡಿ. ಬೆಳಕಿನಿಂದ ಈಚೆಗೆ, ಗೆಳೆಯರ ಹತ್ತಿರಕ್ಕೆ, ಇನ್ಯಾರಿಂದಲೋ ದೂರಕ್ಕೆ. ಸರಿಸಲು ಬರುವ ಕುರ್ಚಿ ಇದ್ದರೆ ಜಾಗ ನಮ್ಮದು ಅನ್ನಿಸುತ್ತದೆ. ಚರ್ಚೆಯ ಕೋಣೆಗೂ ಅಷ್ಟೇ, ಒಂದು ದೊಡ್ಡ ಮೇಜಿನ ಬದಲು ಚಕ್ರ ಇರುವ 120 ಗುಣಿಸು 60 ಸೆಂ.ಮೀ.ನ ಮೂರು ಮೇಜು. ಸೇರಿಸಿದರೆ ಆರು ಜನ, ಬಿಡಿಸಿದರೆ ಇಬ್ಬಿಬ್ಬರು, ಬದಿಗೆ ತಳ್ಳಿದರೆ ನಿಂತು ಮಾತಾಡಬಹುದು. ಚಕ್ರಕ್ಕೆ ಬ್ರೇಕ್ ಇರಲಿ.

ಹಸಿರುಮೂಲೆ:
ಗಿಡಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಹತ್ತು ಕುಂಡ ಇಟ್ಟರೆ ಗಾಳಿಯೂ ಶುದ್ಧವಾಗುತ್ತದೆ. ನಾಸಾದವರೇ 1989ರಲ್ಲಿ ಪರೀಕ್ಷೆ ಮಾಡಿದ್ದಾರೆ.

ಶಬ್ದಲೆಕ್ಕ:
ಗಿಡ ಇಡಿ, ಆದರೆ ಆ ಕಾರಣಕ್ಕೆ ಬೇಡ. ನಾಸಾ ಪರೀಕ್ಷೆ ನಡೆದದ್ದು ಗಾಳಿಯಾಡದ ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. 2019ರಲ್ಲಿ ಕಮಿಂಗ್ಸ್ ಮತ್ತು ವೇರಿಂಗ್ ಅನ್ನುವ ಸಂಶೋಧಕರು ಇಂಥ ಹಲವು ಪರೀಕ್ಷೆಗಳ ಫಲಿತಾಂಶವನ್ನು ನಿಜವಾದ ಕಟ್ಟಡದ ಲೆಕ್ಕಕ್ಕೆ ತಂದು ನೋಡಿದರು. ಕಟ್ಟಡದಲ್ಲಿ ಮಾಮೂಲಾಗಿ ಆಡುವ ಗಾಳಿಯಷ್ಟು ಕೆಲಸ ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕಾಗುತ್ತದೆ. ಮೇಲೆ ಹೇಳಿದ ಡಕ್ಟ್ ಖರ್ಚನ್ನು ಕುಂಡಗಳಿಗೆ ತಿರುಗಿಸಬೇಡಿ ಅನ್ನೋದಷ್ಟೇ ನನ್ನ ಮಾತು.

ಹಸಿರುಮೂಲೆ:
ಸರಿ, ಗಾಳಿಯ ಮಾತು ವಾಪಸ್. ಆದರೆ ಹಸಿರು ಕಣ್ಣಿಗೆ ಬೀಳುವುದರ ಬೆಲೆ ಬೇರೆಯೇ ಇದೆ. 1984ರಲ್ಲಿ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನದಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದ ರೋಗಿಗಳು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವಿಗೆ ಬಲವಾದ ಔಷಧಿಯೂ ಕಡಿಮೆ ಬೇಕಾಯಿತು. ನಿಮ್ಮ ಸುಮ್ನೆ ಕೂರುವ ಕೋಣೆಯ ಕಿಟಕಿಯಿಂದ ಏನು ಕಾಣುತ್ತದೆ? ಪಾರ್ಕಿಂಗ್ ಆದರೆ ಕಿಟಕಿಯ ಕೆಳ ಅರ್ಧಕ್ಕೆ ಗಿಡಗಳ ಸಾಲು ಮಾಡಿ. ಹಾಲ್‌ನ ಒಳಭಾಗಕ್ಕೆ ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್, ಮನಿ ಪ್ಲಾಂಟ್. ಕಡಿಮೆ ಬೆಳಕು, ಅಪರೂಪದ ನೀರು ಸಾಕು. ಕಚೇರಿಯಲ್ಲಿ ಇವು ಸಾಯುವುದು ನೀರು ಕಡಿಮೆಯಾಗಿ ಅಲ್ಲ, ಬಂದವರೆಲ್ಲ ಲೋಟದಲ್ಲಿ ಉಳಿದದ್ದನ್ನು ಸುರಿದು. ನೀರು ಹಾಕುವವರು ಒಬ್ಬರೇ ಅಂತ ಮಾಡಿ.

ತೆರೆದಬಾಗಿಲು:
ಚರ್ಚೆಯ ಕೋಣೆಯನ್ನು ಯಾರಾದರೂ ಇಡೀ ದಿನ ಬುಕ್ ಮಾಡಿಕೊಂಡು ಸ್ವಂತ ಕ್ಯಾಬಿನ್ ಮಾಡಿಕೊಳ್ಳುತ್ತಾರೆ. ಅದಕ್ಕೂ ಈಗಲೇ ಯೋಚಿಸಿ. ನಮ್ಮಲ್ಲಿ ಬುಕಿಂಗ್ ಒಂದು ಗಂಟೆಗೆ ಮಿತಿ, ಶುರುವಾಗಿ ಹತ್ತು ನಿಮಿಷ ಯಾರೂ ಬರದಿದ್ದರೆ ಬೇರೆಯವರು ಕೂರಬಹುದು. ಸುಮ್ನೆ ಕೂರುವ ಕೋಣೆಗೆ ಬುಕಿಂಗೇ ಬೇಡ. ಫೋನ್ ಕರೆ ಬೇಡ, ಲ್ಯಾಪ್‌ಟಾಪ್ ಬೇಡ ಅನ್ನುವ ನಿಯಮ ಇಡುವುದಾದರೆ ಅದನ್ನು ಪಾಲಿಸಬೇಕಾದ ಮೊದಲಿಗರು ಮ್ಯಾನೇಜರ್‌ಗಳು.

ಮಧ್ಯದಮೇಜು:
ಮ್ಯಾನೇಜ್‌ಮೆಂಟ್ ಜೊತೆ ಮಾತಾಡಿದೆ. ಗೋಡೆಗಳಿಗೆ, ಸೀಲಿಂಗ್ ಹಲಗೆಗೆ, ಡಕ್ಟಿಗೆ ಒಪ್ಪಿದ್ದಾರೆ. ಅದಕ್ಕೆ ಬದಲಾಗಿ ಟೇಬಲ್ ಟೆನಿಸ್ ಮೇಜು, ಎರಡು ದೊಡ್ಡ ಸೋಫಾ ಬಿಟ್ಟಿದ್ದೇವೆ. ಕಿಟಕಿ ಸುಮ್ನೆ ಕೂರುವ ಕೋಣೆಗೇ ಹೋಯಿತು. ಅಲ್ಲಿ ಐದು ಕುರ್ಚಿ ಮಾತ್ರ, ಎಲ್ಲವೂ ಕಿಟಕಿ ಕಡೆಗೆ ಮುಖ. ಉಳಿದಿರುವ ಪ್ರಶ್ನೆ ಒಂದು: ಊಟದ ಕಡೆ 20 ಕುರ್ಚಿಯನ್ನೂ ಒಂದೇ ಸಲ ಆರ್ಡರ್ ಮಾಡಲಾ?

ಉಳಿಸುತ್ತಿಗೆ:
ಬೇಡ. ಮೂರು ಬಗೆಯ ಕುರ್ಚಿ ಒಂದೊಂದು ತರಿಸಿ, ಈಗಿನ ಊಟದ ಜಾಗದಲ್ಲಿ ಇಡಿ. ದಪ್ಪಗಿರುವವರು, ಎತ್ತರದವರು, ಬೆನ್ನುನೋವಿನವರು ಎಲ್ಲರೂ ಕೂತು ನೋಡಲಿ. ಜನ ಯಾವುದಕ್ಕೆ ಮೊದಲು ಹೋಗುತ್ತಾರೆ ಅಂತ ನೋಡಿ ಆಮೇಲೆ ಆರ್ಡರ್ ಮಾಡಿ. ಎರಡು ಮೂರು ಜಾಸ್ತಿಯೇ ತರಿಸಿಡಿ, ಮುಂದೆ ಒಂದು ಮುರಿದರೆ ಅದೇ ಮಾದರಿ ಸಿಗುವುದಿಲ್ಲ.

ಕೀಲಿಗೊಂಚಲು:
ಆರ್ಡರ್ ಕೊಡುವ ಮೊದಲು ಲಿಫ್ಟ್ ಬಾಗಿಲು, ಮೆಟ್ಟಿಲ ತಿರುವು, ಹಾಲ್‌ನ ಬಾಗಿಲು ಮೂರನ್ನೂ ಅಳೆಯಿರಿ. ಮೇಜಿನ ಹಲಗೆ, ಫ್ರಿಜ್, ಗಾಜಿನ ಬಾಗಿಲು ಒಳಗೆ ಬರಬೇಕು. ಗಾಜಿನ ಬಾಗಿಲು ಒಳಗೆ ಬಂದ ಮೇಲೆಯೇ ಒಳಗೋಡೆ ಮುಗಿಸಿ ಅಂತ ಕಂಟ್ರಾಕ್ಟರ್‌ಗೆ ಬರೆದು ಕೊಡಿ.